ಮಹಾಮಾರಿಯೊಡನೆ ಹೋರಿದ ಹಾಫ್‌ಕಿನ್

ಮುಂಬಯಿಯಲ್ಲಿರುವ ನಮ್ಮ ವಾಚಕರಲ್ಲಿ ಅನೇಕರು ಪರೇಲಿನ ದಾರಿಯಾಗಿ ದಿನವೂ ಹೋಗಿ ಬರುವವರು. ಕೆ. ಇ. ಎಂ. ಆಸ್ಪತ್ರೆ, ಟಾಟಾ ಕ್ಯಾನ್ಸರ್ ಆಸ್ಪತ್ರೆಗಳ ನೆರೆಯಲ್ಲೇ ಹಳೆಯ ಕಾಲದ ಒಂದು ಭವ್ಯವಾದ ಕಟ್ಟಡವಿದೆ. ಹಿಂದೆ ಅದು ಮುಂಬಯಿಯ ಗವರ್ನರರ ನಿವಾಸವಾಗಿತ್ತು. 1882ರಲ್ಲಿ ಆಗಿನ ಗವರ್ನರರ ಪತ್ನಿಯೇ ಆ ಮನೆಯಲ್ಲಿ ಕಾಲರಾ ತಗಲಿ ತೀರಿಕೊಂಡಳು. ಆಮೇಲೆ ಗವರ್ನರರು ಮಲಬಾರ ಗುಡ್ಡಕ್ಕೆ ಬಿಡಾರ ಬದಲಿಸಿದರು. ಆ ಬಂಗಲೆಯಲ್ಲಿ ಈಗ ಇರುವುದು ಹಾಫ್‌ಕಿನ್ ಸಂಸ್ಥೆ. ಯಾರು ಈ ಹಾಫ್‌ಕಿನ್? ಆತನ ಹೆಸರನ್ನು ಈ ಮನೆಗೆ ಏಕೆ ಇಟ್ಟರು? ಹುಬ್ಬಳ್ಳಿ ಧಾರವಾಡಗಳ ನಮ್ಮ ಹಿರಿಯರಿಗೂ ಆತನಿಗೂ ಏನು ಸಂಬಂಧ? ಇಂದಿನ ಪಾಠದಲ್ಲಿ ಇದನ್ನೇ ಸ್ವಲ್ಪ ವಿವರವಾಗಿ ನೋಡೋಣ.

ಇದು ಒಬ್ಬ ಶಾಸ್ತ್ರಜ್ಞನ ಜೀವನಚರಿತ್ರೆಯೂ ಹೌದು, ಒಂದು ರೋಗದ ಚರಿತ್ರೆಯೂ ಹೌದು. ಅದಕ್ಕಿಂತ ಮುಖ್ಯವಾಗಿ, ಒಂದು ತಪ್ಪು ನಡೆದಾಗ ಅದರ ಕಾರಣವನ್ನು ಹೇಗೆ ಹುಡುಕಬೇಕು, ಹೇಗೆ ಹುಡುಕಬಾರದು ಎಂಬುದಕ್ಕೆ ಇದೊಂದು ನಿದರ್ಶನ.

ಮಾರಿ ಬಂದ ಬಗೆ

1896ನೆಯ ಇಸವಿಯ ಸೆಪ್ಟೆಂಬರ್ ತಿಂಗಳು. ಮುಂಬಯಿಯ ಬಂದರಿನ ಸಮೀಪದ ಮಾಂಡವಿ ಪೇಟೆಯಲ್ಲಿ ಧಾನ್ಯದ ಗೋದಾಮುಗಳು ಒತ್ತಾಗಿ ನಿಂತಿದ್ದವು. ಅಲ್ಲಿ ಇಲಿಗಳು ಸಾಯತೊಡಗಿದವು. ಬಳಿಕ ಮನುಷ್ಯರಿಗೆ ವಿಪರೀತ ಜ್ವರ ಬಂದು, ತೊಡೆಯ ಸಂದಿನಲ್ಲಿಯೋ ಕಂಕುಳಲ್ಲಿಯೋ ಗಡ್ಡೆ ಎದ್ದು, ನಾಲ್ಕೈದು ದಿನಗಳಲ್ಲಿ ಪ್ರಾಣ ಹೋಗತೊಡಗಿತು. ಇದು ಪ್ಲೇಗು ಎಂದು ಮೊದಲು ಗುರುತಿಸಿ ಹೇಳಿದವನು ಗೋವೆಯ ಮೂಲದ ಡಾ. ಅಕಾಸಿಯೊ ವೀಗಾಸ್ ಎಂಬ ವೈದ್ಯ. ಎರಡೇ ವರುಷಗಳ ಹಿಂದೆ, 1894ರಲ್ಲಿ, ಹಾಂಗ್‌ಕಾಂಗಿನಲ್ಲಿ ಇದೇ ರೋಗ ಎದ್ದಿತ್ತು. ಅಲ್ಲಿ ಅಲೆಕ್ಸಾಂದ್ರ್ ಯರ್ಸಿನ್ ಎಂಬ ಪಾಶ್ಚರನ ಶಿಷ್ಯನು ರೋಗಿಯ ಗಡ್ಡೆಯೊಳಗಿನ ರೋಗಾಣುವನ್ನು ಸೂಕ್ಷ್ಮದರ್ಶಕದಲ್ಲಿ ಕಂಡುಹಿಡಿದಿದ್ದನು. ಇಂದು ಆ ರೋಗಾಣುವಿಗೆ ಆತನ ಹೆಸರೇ ಇದೆ.

ಆಗ ಮುಂಬಯಿಯ ಜನಸಂಖ್ಯೆ ಎಂಟು ಲಕ್ಷಕ್ಕೂ ಮಿಕ್ಕಿತ್ತು. ಕೆಲವೇ ತಿಂಗಳುಗಳಲ್ಲಿ ಲಕ್ಷಗಟ್ಟಲೆ ಜನ ನಗರ ಬಿಟ್ಟು ಓಡಿದರು. ಗಿರಣಿಗಳಿಗೆ ಆಳು ಸಿಗದಾಯಿತು. ರೈಲುಗಾಡಿಗಳಲ್ಲಿ, ಹಡಗುಗಳಲ್ಲಿ, ಕಾಲ್ನಡಿಗೆಯಲ್ಲಿ ಜನ ತಮ್ಮ ತಮ್ಮ ಊರುಗಳಿಗೆ ಹೋದರು. ಅವರ ಗಂಟುಮೂಟೆಗಳೊಡನೆ ರೋಗವೂ ಹೋಯಿತು. ಪುಣೆ, ಕರಾಚಿ, ಆಮೇಲೆ ಬೆಳಗಾವಿ, ಧಾರವಾಡ, ಹುಬ್ಬಳ್ಳಿ, 1898ರ ಆಗಸ್ಟಿನಲ್ಲಿ ಬೆಂಗಳೂರು ಹೀಗೆ ಒಂದೊಂದಾಗಿ ಊರುಗಳು ರೋಗದ ಬಾಯಿಗೆ ಬಿದ್ದವು. ಮುಂದಿನ ಮೂರು ನಾಲ್ಕು ದಶಕಗಳಲ್ಲಿ ಹಿಂದುಸ್ತಾನದಲ್ಲಿ ಪ್ಲೇಗಿನಿಂದ ಸತ್ತವರ ಸಂಖ್ಯೆ ಒಂದು ಕೋಟಿಯನ್ನು ಮೀರಿತು.

ನಮ್ಮ ಹಳ್ಳಿಗಳಲ್ಲಿ “ಇಲಿ ಬಿತ್ತು” ಎಂಬ ಎರಡು ಮಾತು ಕೇಳಿದರೆ ಸಾಕು, ಜನ ಮನೆಮಾರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಪ್ಲೇಗಿನಮ್ಮನ ಗುಡಿಗಳು ಎದ್ದದ್ದು ಆ ಕಾಲದಲ್ಲಿಯೇ. ಶಾಸ್ತ್ರಜ್ಞರಿಗೆ ಇಲಿಯ ಸಂಬಂಧ ಇನ್ನೂ ಪೂರ್ತಿಯಾಗಿ ತಿಳಿಯದಿದ್ದಾಗಲೂ ನಮ್ಮ ರೈತರು ಅನುಭವದಿಂದ ಅದನ್ನು ಕಂಡುಕೊಂಡಿದ್ದರೆಂಬುದು ನೆನಪಿಡತಕ್ಕ ಸಂಗತಿ.

ಹಾಫ್‌ಕಿನ್ ಯಾರು?

ವಾಲ್ಡೆಮಾರ್ ಹಾಫ್‌ಕಿನ್ ಹುಟ್ಟಿದ್ದು 1860ರಲ್ಲಿ, ಕಪ್ಪು ಸಮುದ್ರದ ತೀರದ ಒಡೆಸ್ಸಾ ನಗರದಲ್ಲಿ. ಆಗ ಅದು ರಷ್ಯದ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು. ಯಹೂದಿ ಮನೆತನ. ಒಡೆಸ್ಸಾದ ವಿಶ್ವವಿದ್ಯಾಲಯದಲ್ಲಿ ಇಲ್ಯಾ ಮೆಚ್ನಿಕಾಫ್ ಎಂಬ ಪ್ರಸಿದ್ಧ ಪ್ರಾಣಿಶಾಸ್ತ್ರಜ್ಞನ ಕೈಕೆಳಗೆ ಆತ ಕಲಿತನು. ನಮ್ಮ ರಕ್ತದ ಬಿಳಿಯ ಕಣಗಳು ರೋಗಾಣುಗಳನ್ನು ನುಂಗಿ ಹಾಕುತ್ತವೆಂದು ಜಗತ್ತಿಗೆ ತಿಳಿಸಿದವನು ಇದೇ ಮೆಚ್ನಿಕಾಫ್. ಯಹೂದಿಯರ ಮೇಲೆ ದೊಂಬಿ ನಡೆದಾಗ ತರುಣ ಹಾಫ್‌ಕಿನ್ ತನ್ನವರ ರಕ್ಷಣೆಗೆ ನಿಂತನು. ರಾಜಕೀಯ ಚಳುವಳಿಯಲ್ಲಿ ಸೇರಿ ಪೋಲೀಸರ ಕೈಗೂ ಸಿಕ್ಕಿದನು. ಮತಾಂತರ ಹೊಂದಿದರೆ ಪ್ರಾಧ್ಯಾಪಕನ ಹುದ್ದೆ ದೊರೆಯುವ ಹಾಗಿತ್ತು. ಆತ ಅದಕ್ಕೊಪ್ಪಲಿಲ್ಲ. ಒಡೆಸ್ಸಾದ ಪ್ರಾಣಿ ಸಂಗ್ರಹಾಲಯದಲ್ಲಿ ಕೆಲವು ವರುಷ ದುಡಿದು, 1888ರಲ್ಲಿ ದೇಶ ಬಿಟ್ಟು ಜಿನೀವಾಕ್ಕೆ ಹೋದನು. ಮರುವರುಷ ಗುರು ಮೆಚ್ನಿಕಾಫನ ನೆರವಿನಿಂದ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಒಂದು ಕೆಲಸ ಸಿಕ್ಕಿತು. ಎಂಥ ಕೆಲಸ? ಸಂಸ್ಥೆಯ ಗ್ರಂಥಾಲಯದಲ್ಲಿ ಸಹಾಯಕನ ಕೆಲಸ! ನಮ್ಮ ಈ ವಾಚನಾಲಯದಲ್ಲಿ ಪುಸ್ತಕ ತೆಗೆದುಕೊಡುವ ಗೆಳೆಯರು ಇದನ್ನು ಓದಿ ಸಂತೋಷಪಡಬಹುದು.

ಹಗಲು ಪುಸ್ತಕಗಳ ನಡುವೆ, ಬಿಡುವಿನಲ್ಲಿ ಸೂಕ್ಷ್ಮದರ್ಶಕದ ಮುಂದೆ ಕುಳಿತು ಆತ ಕಾಲರಾ ರೋಗದ ವಿರುದ್ಧ ಲಸಿಕೆ ಸಿದ್ಧಪಡಿಸಿದನು. 1892ರ ಜುಲೈ 18ರಂದು ಅದನ್ನು ಮೊದಲು ಚುಚ್ಚಿಸಿಕೊಂಡದ್ದು ತನ್ನ ಮೈಗೇ. ಜ್ವರ ಬಂದಿತು, ಹೋಯಿತು. ಕಾಲರಾದ ತವರೆನಿಸಿದ ಬಂಗಾಲದಲ್ಲಿ ಅದನ್ನು ಪರೀಕ್ಷಿಸಬೇಕೆಂದು 1893ರಲ್ಲಿ ಕಲಕತ್ತೆಗೆ ಬಂದಿಳಿದನು. ಬಂಗಾಳಿ ವೈದ್ಯರನ್ನು ಜೊತೆಗಿಟ್ಟುಕೊಂಡು ಬಡವರ ಕೇರಿ ಕೇರಿ ಅಲೆದನು. ಉತ್ತರ ಹಿಂದುಸ್ತಾನವನ್ನೂ ಸುತ್ತಿದನು. ಎರಡೂವರೆ ವರುಷಗಳಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಿಸಿದನು. ನಡುವೆ ಮಲೇರಿಯಾ ಹಿಡಿದು ಮೈ ಕೆಟ್ಟಿತು. ಯೂರೋಪಿಗೆ ಹೋಗಿ ಸುಧಾರಿಸಿಕೊಂಡು 1896ರಲ್ಲಿ ಮತ್ತೆ ಬಂದನು. ಅದೇ ವರುಷದ ಅಕ್ಟೋಬರಿನಲ್ಲಿ ಸರಕಾರದ ಕರೆ ಬಂತು: ಮುಂಬಯಿಯಲ್ಲಿ ಪ್ಲೇಗು ಎದ್ದಿದೆ, ಕೂಡಲೇ ಹೊರಡಬೇಕು.

ತುಪ್ಪದ ಹನಿಗಳಲ್ಲಿ ಬೆಳೆದ ಲಸಿಕೆ

ಲಸಿಕೆಯ ತತ್ತ್ವ ಸರಳವಾದದ್ದು. ಒಮ್ಮೆ ಒಂದು ರೋಗ ಬಂದು ಬದುಕಿಕೊಂಡವನಿಗೆ ಆ ರೋಗ ಮತ್ತೆ ಬರುವುದು ಕಡಿಮೆ. ಶರೀರವು ಶತ್ರುವನ್ನು ಗುರುತು ಹಿಡಿದು, ಮುಂದಿನ ಸಲಕ್ಕೆ ಸಿದ್ಧವಾಗಿರುತ್ತದೆ. ಹಾಗಾದರೆ ಸತ್ತ ಶತ್ರುವನ್ನು ತೋರಿಸಿಯೇ ಶರೀರಕ್ಕೆ ಗುರುತು ಮಾಡಿಸಬಹುದಲ್ಲ! ರೋಗಾಣುಗಳನ್ನು ಬೆಳೆಸಿ, ಕೊಂದು, ಆ ಸತ್ತ ರೋಗಾಣುಗಳನ್ನು ಚರ್ಮದ ಕೆಳಗೆ ಚುಚ್ಚಿದರೆ, ರೋಗ ಬಾರದೆಯೇ ರೋಗದ ವಿರುದ್ಧ ಕಾವಲು ಏರ್ಪಡುತ್ತದೆ.

ಮಾತಿನಲ್ಲಿ ಸುಲಭ, ಕೆಲಸದಲ್ಲಿ ಕಷ್ಟ. ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಹಾಫ್‌ಕಿನ್ನನಿಗೆ ಕೊಟ್ಟದ್ದು ಒಂದು ಕೋಣೆ, ಒಂದು ಪಡಸಾಲೆ, ಒಬ್ಬ ಗುಮಾಸ್ತ, ಮೂವರು ಸಿಪಾಯಿಗಳು. ಇಷ್ಟನ್ನೇ ನೆಚ್ಚಿ ಆತ ಹಗಲು ರಾತ್ರಿ ದುಡಿದನು. ಪ್ಲೇಗಿನ ರೋಗಾಣುಗಳನ್ನು ಮಾಂಸದ ಸಾರಿನಲ್ಲಿ ಬೆಳೆಸಬೇಕು. ಸಾರಿನ ಮೇಲೆ ಏನಾದರೂ ತೇಲುತ್ತಿದ್ದರೆ ಅವು ಅದನ್ನು ಹಿಡಿದುಕೊಂಡು ಕೆಳಮುಖವಾಗಿ, ಗವಿಯ ಸೂರಿನಿಂದ ಇಳಿಬಿದ್ದ ಸುಣ್ಣದ ಗೊಂಚಲುಗಳ ಹಾಗೆ, ಬೆಳೆಯುತ್ತವೆಂದು ಆತ ಕಂಡುಕೊಂಡನು. ತೇಲಲು ಬಿಟ್ಟದ್ದು ಏನು ಗೊತ್ತೆ? ನಮ್ಮ ಅಡಿಗೆಮನೆಯ ತುಪ್ಪ! ತುಪ್ಪದ ಹನಿಗಳಿಂದ ಇಳಿಬಿದ್ದ ಗೊಂಚಲುಗಳನ್ನು ಸೀಸೆ ಅಲುಗಾಡಿಸಿ ಉದುರಿಸುವುದು, ಮತ್ತೆ ಹೊಸದಾಗಿ ಬೆಳೆಯಲು ಬಿಡುವುದು, ಹೀಗೆ ಕೆಲವು ವಾರ. ಆಮೇಲೆ ಆ ದ್ರವವನ್ನು ಸುಮಾರು 65ರಿಂದ 70 ಡಿಗ್ರಿ ಸೆಂಟಿಗ್ರೇಡಿನಲ್ಲಿ ಒಂದು ತಾಸು ಕಾಯಿಸಿ ರೋಗಾಣುಗಳನ್ನು ಕೊಂದು, ಬೇರೆ ಕ್ರಿಮಿ ಸೇರದಂತೆ ತುಸು ಕಾರ್ಬಾಲಿಕ್ ಆಮ್ಲ ಬೆರೆಸಿದರೆ ಲಸಿಕೆ ಸಿದ್ಧ.

ಮೂರು ತಿಂಗಳಲ್ಲಿ ಈ ಕೆಲಸ ಮುಗಿಯಿತು. 1897ರ ಜನವರಿ 10ರಂದು ಹಾಫ್‌ಕಿನ್ ಅದನ್ನು ತನಗೇ ಚುಚ್ಚಿಸಿಕೊಂಡನು. ಪ್ರಮಾಣವೋ 10 ಘನ ಸೆಂಟಿಮೀಟರು, ಅಂದರೆ ಆಮೇಲೆ ಸಾಮಾನ್ಯರಿಗೆ ಕೊಟ್ಟದ್ದರ ಮೂರು ನಾಲ್ಕು ಪಟ್ಟು. ಚುಚ್ಚಿದೆಡೆಯಲ್ಲಿ ನೋವು, ಮೈಯೆಲ್ಲ ಜ್ವರ. ಆದರೆ ಅಪಾಯವಾಗಲಿಲ್ಲ. ಇನ್ನೊಬ್ಬರ ಮೈ ಮುಟ್ಟುವ ಮೊದಲು ತನ್ನ ಮೈಯನ್ನೇ ಒಡ್ಡಿದ ಈ ಗುಣವನ್ನು ವಾಚಕರು ಮನಸ್ಸಿನಲ್ಲಿಡಬೇಕು. ಮುಂದೆ ಬರುವ ಕಥೆಗೆ ಇದು ಬೇಕಾಗುತ್ತದೆ.

ಸೆರೆಮನೆಯ ಪರೀಕ್ಷೆ

ತನಗೆ ಅಪಾಯವಾಗಲಿಲ್ಲವೆಂದ ಮಾತ್ರಕ್ಕೆ ಲಸಿಕೆಯಿಂದ ಗುಣ ಉಂಟೆಂದು ಹೇಳಲಾಗದು. ಅದಕ್ಕೆ ಹೋಲಿಕೆ ಬೇಕು. ಒಂದೇ ಸ್ಥಳದಲ್ಲಿ, ಒಂದೇ ಊಟ ಉಂಡು, ಒಂದೇ ಗಾಳಿ ಸೇವಿಸುವ ಜನರಲ್ಲಿ ಕೆಲವರಿಗೆ ಹಾಕಿ, ಕೆಲವರಿಗೆ ಹಾಕದೆ, ಎರಡು ಗುಂಪುಗಳ ಗತಿ ಏನಾಯಿತೆಂದು ನೋಡಬೇಕು. ಅದೇ ತಿಂಗಳ ಕೊನೆಯಲ್ಲಿ ಭಾಯಖಳಾದ ಸೆರೆಮನೆಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಕೈದಿಗಳಲ್ಲಿ ತಾವಾಗಿ ಮುಂದೆ ಬಂದವರಿಗೆ ಸೂಜಿ ಹಾಕಲಾಯಿತು. ಹೆಚ್ಚು ಕಡಿಮೆ ಅಷ್ಟೇ ಮಂದಿ ಹಾಕಿಸಿಕೊಳ್ಳದೆ ಉಳಿದರು. ಮುಂದಿನ ದಿನಗಳಲ್ಲಿ ಹಾಕಿಸಿಕೊಳ್ಳದವರಲ್ಲಿ ಒಬ್ಬರಾದ ಮೇಲೊಬ್ಬರು ಮಲಗಿದರು, ಹಲವರು ಸತ್ತರು. ಸೂಜಿ ಹಾಕುವ ಹೊತ್ತಿಗೇ ರೋಗ ಮೈಯೊಳಗೆ ಹೊಕ್ಕಿದ್ದವರನ್ನು ಬಿಟ್ಟರೆ, ಹಾಕಿಸಿಕೊಂಡವರಲ್ಲಿ ಯಾರೂ ಸಾಯಲಿಲ್ಲ.

ಈ ಹೋಲಿಕೆಯ ಕ್ರಮ ಇಂದಿನ ವೈದ್ಯಶಾಸ್ತ್ರಕ್ಕೆ ತಳಹದಿಯಂತಿದೆ. ಆದರೆ ಇಂದಿನ ದೃಷ್ಟಿಯಿಂದ ಒಂದು ಮಾತು ಹೇಳಲೇಬೇಕು. ಸೆರೆಯಲ್ಲಿರುವವನ ಒಪ್ಪಿಗೆ ಎಷ್ಟರಮಟ್ಟಿಗೆ ಸ್ವತಂತ್ರವಾದ ಒಪ್ಪಿಗೆ ಎಂಬ ಪ್ರಶ್ನೆಯನ್ನು ಆ ಕಾಲ ಕೇಳಲಿಲ್ಲ. ನಾವು ಇಂದು ಕೇಳುತ್ತೇವೆ.

ಜನ ಏಕೆ ಹೆದರಿದರು?

ಇಂಥ ಔಷಧ ಕೈಗೆ ಬಂದ ಮೇಲೆ ಜನ ಮುಗಿಬಿದ್ದು ಹಾಕಿಸಿಕೊಳ್ಳಬೇಕಿತ್ತು ಅಲ್ಲವೆ? ಆದರೆ ಮೊದಮೊದಲು ಹಾಗಾಗಲಿಲ್ಲ. ಅದಕ್ಕೆ ಜನರ ಅಜ್ಞಾನವೊಂದೇ ಕಾರಣವೆಂದು ಹೇಳಿಬಿಡುವುದು ನ್ಯಾಯವಲ್ಲ.

1897ರ ಫೆಬ್ರವರಿಯಲ್ಲಿ ಸರಕಾರವು ಸಾಂಕ್ರಾಮಿಕ ರೋಗಗಳ ಕಾನೂನನ್ನು ಮಾಡಿತು. (2020ರಲ್ಲಿ ಕೋವಿಡ್ ಬಂದಾಗ ಪ್ರಯೋಗಿಸಿದ್ದು ಇದೇ ಕಾನೂನನ್ನು.) ಅದರ ಬಲದಿಂದ ಅಧಿಕಾರಿಗಳು ಮನೆಗಳಿಗೆ ನುಗ್ಗಿ ರೋಗಿಗಳನ್ನು ಎಳೆದೊಯ್ದರು, ಹಾಸಿಗೆ ಬಟ್ಟೆ ಸುಟ್ಟರು, ರೈಲು ನಿಲ್ದಾಣಗಳಲ್ಲಿ ಹೆಂಗಸರ ಮೈ ಮುಟ್ಟಿ ತಪಾಸಣೆ ಮಾಡಿದರು. ಇದಕ್ಕೂ ಮುಂಚೆಯೇ, 1896ರ ಅಕ್ಟೋಬರಿನಲ್ಲಿ, ಮುಂಬಯಿಯ ಗಿರಣಿ ಕೆಲಸಗಾರರು ಆರ್ಥರ್ ರೋಡಿನ ಆಸ್ಪತ್ರೆಯ ಮೇಲೆ ಏರಿಹೋಗಿದ್ದರು. ಪುಣೆಯಲ್ಲಿ ಸೈನಿಕರನ್ನೇ ಈ ಕೆಲಸಕ್ಕೆ ಹಚ್ಚಿದ್ದರಿಂದ ಜನರ ಸಿಟ್ಟು ಮಿತಿಮೀರಿತು. ಅಲ್ಲಿಯ ಪ್ಲೇಗು ಅಧಿಕಾರಿ ರ‍್ಯಾಂಡ್ ಎಂಬವನನ್ನು 1897ರ ಜೂನ್ 22ರ ರಾತ್ರಿ ಚಾಪೇಕರ ಸಹೋದರರು ಗುಂಡಿಟ್ಟು ಕೊಂದರು. ಅದೇ ಪುಣೆಯಲ್ಲಿ ಅದೇ ವರುಷ ಮಾರ್ಚ್ 10ರಂದು ಸಾವಿತ್ರಿಬಾಯಿ ಫುಲೆಯವರು ಪ್ಲೇಗಿನ ರೋಗಿಗಳ ಸೇವೆ ಮಾಡುತ್ತಲೇ ಆ ರೋಗಕ್ಕೆ ಬಲಿಯಾದರು. ರೋಗ ಒಂದೇ. ಒಂದು ಕಡೆ ಬಂದೂಕು ಹಿಡಿದ ಸಿಪಾಯಿ, ಇನ್ನೊಂದು ಕಡೆ ರೋಗಿಯನ್ನು ತೋಳಲ್ಲಿ ಎತ್ತಿಕೊಂಡ ತಾಯಿ. ಜನ ಯಾರನ್ನು ನಂಬಿಯಾರು?

ಹಾಫ್‌ಕಿನ್ ಈ ಬಲಾತ್ಕಾರದ ಮಾರ್ಗವನ್ನು ಹಿಡಿಯಲಿಲ್ಲ. ಲಸಿಕೆ ಹಾಕಿಸಿಕೊಳ್ಳುವುದು ಅವರವರ ಇಷ್ಟಕ್ಕೆ ಬಿಟ್ಟದ್ದು ಎಂದು ಆತ ಕೆಲಸ ನಡೆಸಿದನು. ಖೋಜಾ ಸಮಾಜದ ಗುರುಗಳಾದ ತರುಣ ಆಗಾ ಖಾನರು ತಾವೇ ಎಲ್ಲರ ಮುಂದೆ ಸೂಜಿ ಹಾಕಿಸಿಕೊಂಡರು. ತಮ್ಮ ಒಂದು ಬಂಗಲೆಯನ್ನೂ ಪ್ರಯೋಗಾಲಯಕ್ಕೆ ಬಿಟ್ಟುಕೊಟ್ಟರು. ಅವರನ್ನು ನೋಡಿ ಸಾವಿರಾರು ಅನುಯಾಯಿಗಳು ಮುಂದೆ ಬಂದರು. ಆಜ್ಞೆಯಿಂದ ಆಗದ ಕೆಲಸ ನಂಬಿಗೆಯಿಂದ ಆಯಿತು. 1899ರ ಆಗಸ್ಟಿನಲ್ಲಿ ಪರೇಲಿನ ಹಳೆಯ ಗವರ್ನರರ ಬಂಗಲೆಯಲ್ಲಿ ಪ್ಲೇಗು ಸಂಶೋಧನಾಲಯ ತೆರೆಯಿತು. ಕಾಲರಾದಿಂದ ಗವರ್ನರರ ಪತ್ನಿ ಸತ್ತ ಮನೆಗೆ, ಕಾಲರಾದ ಲಸಿಕೆ ಮಾಡಿದವನೇ ಯಜಮಾನನಾಗಿ ಬಂದನು.

ಹುಬ್ಬಳ್ಳಿಯ ಉದಾಹರಣೆ

ಈಗ ನಮ್ಮ ನಾಡಿಗೆ ಬರೋಣ. ಆಗ ಧಾರವಾಡ ಜಿಲ್ಲೆ ಮುಂಬಯಿ ಇಲಾಖೆಗೆ ಸೇರಿತ್ತು. ಹುಬ್ಬಳ್ಳಿಯು ಹತ್ತಿಯ ವ್ಯಾಪಾರದ, ರೇಲ್ವೆ ಕಾರಖಾನೆಯ ಊರು. ಜನಸಂಖ್ಯೆ ಸುಮಾರು ಐವತ್ತು ಸಾವಿರ. 1898ರಲ್ಲಿ ಅಲ್ಲಿ ಪ್ಲೇಗು ಭಯಂಕರವಾಗಿ ಎದ್ದಿತು. ಮಳೆಗಾಲವಾದ್ದರಿಂದ ಊರು ಬಿಟ್ಟು ಹೊಲದಲ್ಲಿರುವುದೂ ಕಷ್ಟ. ಕ್ಯಾಪ್ಟನ್ ಲ್ಯೂಮನ್ ಎಂಬ ವೈದ್ಯಾಧಿಕಾರಿಯ ನೇತೃತ್ವದಲ್ಲಿ ಅಲ್ಲಿ ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ಲಸಿಕೆಯ ಕೆಲಸ ನಡೆಯಿತು. ಮೂವತ್ತು ಸಾವಿರಕ್ಕೂ ಮಿಕ್ಕಿ ಜನ ಸೂಜಿ ಹಾಕಿಸಿಕೊಂಡರು. ಒಂದು ಊರಿಗೆ ಊರೇ ಹೀಗೆ ಮುಂದೆ ಬಂದದ್ದು ಆ ಕಾಲಕ್ಕೆ ಅಪೂರ್ವ.

ಅಲ್ಲಿ ವಾರ ವಾರವೂ ಲೆಕ್ಕ ಇಡಲಾಯಿತು. ಹಾಕಿಸಿಕೊಂಡವರೆಷ್ಟು, ಅವರಲ್ಲಿ ಸತ್ತವರೆಷ್ಟು. ಹಾಕಿಸಿಕೊಳ್ಳದವರೆಷ್ಟು, ಅವರಲ್ಲಿ ಸತ್ತವರೆಷ್ಟು. ಹಾಕಿಸಿಕೊಳ್ಳದವರ ಸಂಖ್ಯೆ ಕಡಿಮೆಯಾಗುತ್ತ ಬಂದರೂ ಸಾವುಗಳು ಅವರಲ್ಲಿಯೇ ಹೆಚ್ಚಾಗಿದ್ದವು. ಈ ಲೆಕ್ಕ ದೇಶದ ಹೊರಗೂ ವಿದ್ವಾಂಸರ ಗಮನಕ್ಕೆ ಬಂತು. ಲಸಿಕೆಯ ಚರಿತ್ರೆಯಲ್ಲಿ ಹುಬ್ಬಳ್ಳಿಯ ಹೆಸರು ಹೀಗೆ ಸೇರಿದೆ. ಆ ದಿನಗಳ ನಮ್ಮ ನೇಕಾರರು, ಹಮಾಲರು, ವ್ಯಾಪಾರಿಗಳು, ಮಕ್ಕಳನ್ನು ಬಗಲಲ್ಲಿಟ್ಟುಕೊಂಡು ಸಾಲಿನಲ್ಲಿ ನಿಂತ ತಾಯಂದಿರು, ಇವರ ಹೆಸರುಗಳು ಯಾವ ಪುಸ್ತಕದಲ್ಲಿಯೂ ಇಲ್ಲ. ಆದರೆ ಶಾಸ್ತ್ರ ಮುಂದುವರಿದದ್ದು ಅವರ ಧೈರ್ಯದಿಂದಲೂ ಹೌದು.

ಲಸಿಕೆಗೆ ಮಿತಿಯೂ ಇತ್ತು. ಅದು ಕೊಡುತ್ತಿದ್ದ ರಕ್ಷಣೆ ಪೂರ್ಣವಾದದ್ದಲ್ಲ. ಕೆಲವು ತಿಂಗಳುಗಳ ಮೇಲೆ ಕುಗ್ಗುತ್ತಿತ್ತು. ಶ್ವಾಸಕೋಶಕ್ಕೆ ತಗಲುವ ಪ್ಲೇಗಿನ ಮುಂದೆ ಅಷ್ಟಾಗಿ ನಡೆಯುತ್ತಿರಲಿಲ್ಲ. ಬೇರೆ ಔಷಧವೇ ಇಲ್ಲದ ಕಾಲದಲ್ಲಿ ಅಷ್ಟೇ ದೊಡ್ಡದು.

ಇಲಿ, ಚಿಗಟ, ಮನುಷ್ಯ

ರೋಗ ಹರಡುವ ಬಗೆ ಇನ್ನೂ ಒಗಟಾಗಿತ್ತು. 1898ರ ಜೂನಿನಲ್ಲಿ ಕರಾಚಿಯಲ್ಲಿ ಪಾಲ್ ಲೂಯಿ ಸಿಮೊಂ ಎಂಬ ಫ್ರೆಂಚ್ ವೈದ್ಯನು ಅದನ್ನು ಬಿಡಿಸಿದನು. ರೋಗದ ಇಲಿಯಿಂದ ಆರೋಗ್ಯದ ಇಲಿಗೆ ಪ್ಲೇಗನ್ನು ಸಾಗಿಸುವುದು ಇಲಿಯ ಮೈಮೇಲಿನ ಚಿಗಟ ಎಂದು ತೋರಿಸಿದನು. ಇಲಿ ಸತ್ತು ಮೈ ತಣ್ಣಗಾದೊಡನೆ ಚಿಗಟಗಳು ಅದನ್ನು ಬಿಟ್ಟು ಬೇರೆ ಬಿಸಿ ಮೈಯನ್ನು ಹುಡುಕುತ್ತವೆ. ಇಲಿಗಳೆಲ್ಲ ಸತ್ತರೆ ಮನುಷ್ಯನೇ ಗತಿ. “ಇಲಿ ಬಿದ್ದ” ಮೇಲೆ ಮನುಷ್ಯರು ಬೀಳುವುದರ ಗುಟ್ಟು ಇದೇ. ಸಿಮೊಂನ ಮಾತನ್ನು ಅನೇಕರು ಆಗ ನಂಬಲಿಲ್ಲ. ಕೆಲವು ವರುಷಗಳ ಮೇಲೆ ಮುಂಬಯಿಯಲ್ಲಿಯೇ ಗ್ಲೆನ್ ಲಿಸ್ಟನ್ ಮೊದಲಾದವರು ಪ್ಲೇಗು ಹೊಕ್ಕ ಚಾಳುಗಳಲ್ಲಿ ಗಿನಿಹಂದಿಗಳನ್ನು ಬಿಟ್ಟು, ಅವುಗಳ ಮೈಗೆ ಇಲಿಯ ಚಿಗಟಗಳು ಮುತ್ತುವುದನ್ನು ಕಂಡು, ಅದು ನಿಜವೆಂದು ಸ್ಥಾಪಿಸಿದರು. ಊರು ಬಿಟ್ಟು ಹೊಲದಲ್ಲಿ ಇರುವ ನಮ್ಮ ರೈತರ ಪದ್ಧತಿ ಏಕೆ ಫಲಿಸುತ್ತಿತ್ತೆಂಬುದೂ ಆಗ ತಿಳಿಯಿತು.

ಮುಲ್ಕೋವಾಲದ ಸೀಸೆ

1902ರಲ್ಲಿ ಪಂಜಾಬಿನಲ್ಲಿ ಪ್ಲೇಗು ಹೆಚ್ಚಾಯಿತು. ಅಲ್ಲಿಗೆ ಲಕ್ಷಗಟ್ಟಲೆ ಜನರಿಗೆ ಸಾಲುವಷ್ಟು ಲಸಿಕೆ ಬೇಕಾಗಿ, ಪರೇಲಿನಲ್ಲಿ ತಯಾರಿಕೆಯನ್ನು ತ್ವರೆಗೊಳಿಸಿದರು. ಹಾಫ್‌ಕಿನ್ ತನ್ನ ವಿಧಾನದಲ್ಲಿ ಒಂದು ಬದಲಾವಣೆ ಮಾಡಿದನು: ಕಾರ್ಬಾಲಿಕ್ ಆಮ್ಲವನ್ನು ಬಿಟ್ಟು, ಕಾಯಿಸಿ ಶುದ್ಧಗೊಳಿಸುವುದನ್ನೇ ನಂಬಿದನು.

ಅಕ್ಟೋಬರ್ 30ರಂದು ಮುಲ್ಕೋವಾಲವೆಂಬ ಹಳ್ಳಿಯಲ್ಲಿ ಐದು ಸೀಸೆಗಳಿಂದ 107 ಜನರಿಗೆ ಸೂಜಿ ಹಾಕಲಾಯಿತು. ಒಂದು ವಾರದ ಸುಮಾರಿಗೆ ಅವರಲ್ಲಿ 19 ಮಂದಿಗೆ ದವಡೆ ಕಚ್ಚಿಕೊಂಡು, ಮೈ ಬಿಲ್ಲಿನಂತೆ ಸೆಟೆದು ಧನುರ್ವಾಯು ಬಂದಿತು. ಹತ್ತೊಂಬತ್ತು ಮಂದಿಯೂ ಸತ್ತರು. ಆ ಹತ್ತೊಂಬತ್ತು ಜನರಿಗೂ ಲಸಿಕೆ ಕೊಟ್ಟದ್ದು ಒಂದೇ ಸೀಸೆಯಿಂದ. ಉಳಿದ ನಾಲ್ಕು ಸೀಸೆಗಳಿಂದ ಹಾಕಿಸಿಕೊಂಡ ಒಬ್ಬರಿಗೂ ಧನುರ್ವಾಯು ಬರಲಿಲ್ಲ.

ಸೀಸೆಯೊಳಗೆ ಧನುರ್ವಾಯುವಿನ ರೋಗಾಣು ಸೇರಿತ್ತೆಂಬುದು ನಿಶ್ಚಯ. ಆದರೆ ಎಲ್ಲಿ ಸೇರಿತು? ಪರೇಲಿನಲ್ಲಿ ತುಂಬುವಾಗಲೋ, ಮುಲ್ಕೋವಾಲದಲ್ಲಿ ತೆರೆಯುವಾಗಲೋ? ಮುಂಬಯಿಯ ಮುಖ್ಯ ನ್ಯಾಯಾಧೀಶ ಸರ್ ಲಾರೆನ್ಸ್ ಜೆಂಕಿನ್ಸರ ಅಧ್ಯಕ್ಷತೆಯಲ್ಲಿ ವಿಚಾರಣಾ ಮಂಡಳಿ ಕುಳಿತಿತು. ಅದರ ಅಭಿಪ್ರಾಯ ಪ್ರಯೋಗಾಲಯದ ಕಡೆಗೇ ಬೆರಳು ಮಾಡಿತು. ವಿಧಾನ ಬದಲಿಸಿದ್ದು ಹಾಫ್‌ಕಿನ್. ಹೊಣೆಯೂ ಆತನದೇ ಎಂಬಂತಾಯಿತು. ಆತನನ್ನು ಕೆಲಸದಿಂದ ಬಿಡಿಸಿದರು. 1904ರಲ್ಲಿ ಸಂಬಳವಿಲ್ಲದ ರಜೆಯ ಮೇಲೆ ಆತ ಹಿಂದುಸ್ತಾನವನ್ನು ಬಿಟ್ಟು ಲಂಡನ್ನಿಗೆ ಹೋದನು. ಲಕ್ಷಾಂತರ ಜನರಿಗೆ ರಕ್ಷಣೆ ಕೊಟ್ಟವನಿಗೆ ಹತ್ತೊಂಬತ್ತು ಜನರ ಕೊಲೆಗಾರನೆಂಬ ಕಳಂಕ ಹತ್ತಿತು.

“ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು” ಎಂದು ನಮ್ಮಲ್ಲಿ ಗಾದೆಯುಂಟು. ಸಾಕ್ಷ್ಯಗಳನ್ನು ನಾವೇ ಒಂದು ಸಲ ಪರಾಂಬರಿಸೋಣ.

ಮೊದಲನೆಯದು: ಧನುರ್ವಾಯುವಿನ ರೋಗಾಣು ಗಾಳಿಯಿಲ್ಲದ ಕಡೆ ಚೆನ್ನಾಗಿ ಬೆಳೆಯುತ್ತದೆ, ಬೆಳೆದಾಗ ದುರ್ವಾಸನೆ ಬರುತ್ತದೆ. ಆ ಸೀಸೆ ತುಂಬಿದ್ದು 41 ದಿನ ಮೊದಲು. ಅಂದೇ ರೋಗಾಣು ಸೇರಿದ್ದರೆ ಅಷ್ಟು ದಿನಗಳಲ್ಲಿ ಅದು ಹೇರಳವಾಗಿ ಬೆಳೆದು ಸೀಸೆ ನಾರಬೇಕಿತ್ತು. ಸೂಜಿ ಹಾಕಿದ ವೈದ್ಯನು ಸೀಸೆಯನ್ನು ಮೂಸಿ ನೋಡಿದ್ದನು, ವಾಸನೆ ಇರಲಿಲ್ಲ.

ಎರಡನೆಯದು: ಅಷ್ಟು ದಿನ ಬೆಳೆದಿದ್ದರೆ ಸೀಸೆಯಲ್ಲಿ ರೋಗಾಣುವಿನ ವಿಷವೇ ತುಂಬಿರುತ್ತಿತ್ತು. ಸಿದ್ಧವಾದ ವಿಷ ಮೈಗೆ ಹೋದರೆ ರೋಗ ಬೇಗನೆ ಕಾಣಿಸಬೇಕು. ಇಲ್ಲಿ ಕಾಣಿಸಿದ್ದು ವಾರದ ಸುಮಾರಿಗೆ. ಅಂದರೆ ಆಗತಾನೆ ಸೇರಿದ ರೋಗಾಣುಗಳು ಮೈಯೊಳಗೆ ಬೆಳೆದು ವಿಷ ಹುಟ್ಟಿಸಲು ಅಷ್ಟು ದಿನ ಹಿಡಿಯಿತು.

ಮೂರನೆಯದು: ಅಂದು ಆ ಸೀಸೆಯನ್ನು ತೆರೆಯುವಾಗ ಸಹಾಯಕನ ಕೈಯಿಂದ ಇಕ್ಕಳ ನೆಲಕ್ಕೆ ಬಿತ್ತು. ಅದನ್ನು ಕಾಯಿಸಿ ಶುದ್ಧಮಾಡದೆ, ಕಾರ್ಬಾಲಿಕ್ ದ್ರಾವಣದಲ್ಲಿ ಒಮ್ಮೆ ಆಡಿಸಿ, ಅದರಿಂದಲೇ ಸೀಸೆಯ ಬಿರಡೆಯನ್ನು ತೆಗೆಯಲಾಯಿತು. ಧನುರ್ವಾಯುವಿನ ರೋಗಾಣುವಿನ ಬೀಜಕಗಳು ಇರುವುದು ಮಣ್ಣಿನಲ್ಲಿ. ಅವು ಅಷ್ಟು ಸುಲಭವಾಗಿ ಸಾಯುವಂಥವಲ್ಲ.

ಈ ಮೂರನ್ನೂ ಕೂಡಿಸಿದರೆ ಏನು ಹೊರಡುತ್ತದೆಂದು ಬೇರೆ ಹೇಳಬೇಕಾಗಿಲ್ಲ. ಸೊಳ್ಳೆಯಿಂದ ಮಲೇರಿಯಾ ಹರಡುವುದನ್ನು ಸಿಕಂದರಾಬಾದಿನಲ್ಲಿ ಕಂಡುಹಿಡಿದ ರೊನಾಲ್ಡ್ ರಾಸ್ ಈ ಅನ್ಯಾಯದ ವಿರುದ್ಧ ಪತ್ರಿಕೆಗಳಲ್ಲಿ ಬರೆದನು. 1907ರ ಜುಲೈಯಲ್ಲಿ ರಾಸನೂ ಸೇರಿ ಹತ್ತು ಮಂದಿ ವಿಜ್ಞಾನಿಗಳು ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಸಹಿ ಮಾಡಿ ಪತ್ರ ಕಳಿಸಿದರು. ಅದೇ ವರುಷದ ನವೆಂಬರಿನಲ್ಲಿ ಸರಕಾರವು ಹಾಫ್‌ಕಿನ್ ನಿರ್ದೋಷಿಯೆಂದು ಒಪ್ಪಿತು. ಐದು ವರುಷ ಕಳೆದಿತ್ತು.

ಕೊನೆಯ ದಿನಗಳು

ಹಾಫ್‌ಕಿನ್ ಮತ್ತೆ ಹಿಂದುಸ್ತಾನಕ್ಕೆ ಬಂದನು. ಆದರೆ ತಾನು ಕಟ್ಟಿದ ಪರೇಲಿನ ಸಂಸ್ಥೆಗೆ ಅಲ್ಲ, ಕಲಕತ್ತೆಗೆ. ಅಲ್ಲಿ ಲಸಿಕೆ ತಯಾರಿಸುವ ಅನುಕೂಲವಿರಲಿಲ್ಲ, ಹೊಸ ಲಸಿಕೆಗಳನ್ನು ಜನರಲ್ಲಿ ಪರೀಕ್ಷಿಸಲು ಅನುಮತಿಯೂ ಸಿಗಲಿಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ನಿವೃತ್ತನಾಗಿ ಯೂರೋಪಿಗೆ ಮರಳಿದನು. ಮದುವೆಯಾಗಲಿಲ್ಲ. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೋಜಾನ್ ನಗರದಲ್ಲಿ ತೀರಿಕೊಂಡನು.

ಆತ ಬದುಕಿರುವಾಗಲೇ ಒಂದು ಒಳ್ಳೆಯ ಕೆಲಸ ನಡೆಯಿತು. 1925ರಲ್ಲಿ ಪರೇಲಿನ ಸಂಶೋಧನಾಲಯಕ್ಕೆ ಹಾಫ್‌ಕಿನ್ ಸಂಸ್ಥೆ ಎಂದು ಹೆಸರಿಟ್ಟರು. 1897ರಿಂದ ಅಲ್ಲಿಯವರೆಗೆ ಮುಂಬಯಿಯಿಂದ ಹೊರಟ ಪ್ಲೇಗಿನ ಲಸಿಕೆ ಎರಡೂವರೆ ಕೋಟಿ ಸೂಜಿಗಳನ್ನು ಮೀರಿತ್ತು. 1932ರಲ್ಲಿ ಸಾಹಿಬ್ ಸಿಂಗ್ ಸೋಖೆಯವರು ಆ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದರು. ಸ್ವತಂತ್ರ ಭಾರತವು 1964ರಲ್ಲಿ ಹಾಫ್‌ಕಿನ್ನನ ಚಿತ್ರವಿರುವ ಅಂಚೆಚೀಟಿ ಹೊರಡಿಸಿತು.

ನಾವು ತಿಳಿಯಬೇಕಾದದ್ದು

ಪ್ಲೇಗು ಈಗ ಹಿಂದಿನಂತೆ ಮಾರಿಯಾಗಿ ಉಳಿದಿಲ್ಲ. ಸ್ಟ್ರೆಪ್ಟೊಮೈಸಿನ್ ಮೊದಲಾದ ಔಷಧಗಳು ಬಂದಿವೆ. ಬೇಗನೆ ಗುರುತಿಸಿದರೆ ಗುಣವಾಗುತ್ತದೆ. ಹಾಗೆಂದು ಅದು ನಿರ್ಮೂಲವಾಗಿಲ್ಲ. 1994ರಲ್ಲಿ ಸೂರತ್ ನಗರದಲ್ಲಿ ಪ್ಲೇಗಿನ ಸುದ್ದಿ ಹಬ್ಬಿದೊಡನೆ ಲಕ್ಷಾಂತರ ಜನ ರೈಲು ಹತ್ತಿ ಓಡಿದ್ದನ್ನು ನಮ್ಮಲ್ಲಿ ಹಲವರು ಕಂಡಿದ್ದೇವೆ. ತೊಂಬತ್ತೆಂಟು ವರುಷಗಳ ಹಿಂದಿನ ಮುಂಬಯಿಯೇ ಮತ್ತೆ ಕಣ್ಣಿಗೆ ಕಟ್ಟಿದಂತಾಯಿತು.

ಈ ಚರಿತ್ರೆಯಲ್ಲಿ ದೊಡ್ಡದೂ ಇದೆ, ಸಣ್ಣದೂ ಇದೆ. ದೊಡ್ಡದು, ತನ್ನ ಮೈಯನ್ನೇ ಮೊದಲು ಒಡ್ಡಿದ ಒಬ್ಬನ ಸಾಹಸ. ಸಣ್ಣದು, ನೆಲಕ್ಕೆ ಬಿದ್ದ ಒಂದು ಇಕ್ಕಳ. ಆ ಇಕ್ಕಳವನ್ನು ಒಂದು ನಿಮಿಷ ಬೆಂಕಿಗೆ ಹಿಡಿದಿದ್ದರೆ ಹತ್ತೊಂಬತ್ತು ಮನೆಗಳ ದೀಪ ಆರುತ್ತಿರಲಿಲ್ಲ, ಒಬ್ಬ ಶಾಸ್ತ್ರಜ್ಞನ ಬಾಳು ಮುರಿಯುತ್ತಿರಲಿಲ್ಲ. ಹಾಗೆಂದು ಈಗ ಆ ಸಹಾಯಕನನ್ನು ಬಯ್ದು ಕೂಡುವುದೂ ಸರಿಯಲ್ಲ. ದಿನಕ್ಕೆ ನೂರಾರು ಜನರಿಗೆ ಅವಸರದಲ್ಲಿ ಸೂಜಿ ಹಾಕಬೇಕಾದ ಏರ್ಪಾಟಿನಲ್ಲಿಯೇ ತಪ್ಪಿಗೆ ಎಡೆಯಿತ್ತು. ತಪ್ಪು ನಡೆದಾಗ ಹೊಣೆ ಹೊರಿಸಲು ಒಬ್ಬನನ್ನು ಹುಡುಕುವುದು ಸುಲಭ. ಕಾರಣವನ್ನು ಹುಡುಕುವುದು ಕಷ್ಟ. ಮೊದಲನೆಯದರಿಂದ ಸಿಟ್ಟು ತೀರುತ್ತದೆ, ಅಷ್ಟೆ. ಎರಡನೆಯದರಿಂದ ಮುಂದಿನವರ ಪ್ರಾಣ ಉಳಿಯುತ್ತದೆ.

ಮುಂದೆ ಪರೇಲಿನ ಆ ದಾರಿಯಲ್ಲಿ ಹೋಗುವಾಗ ಮಕ್ಕಳಿಗೆ ಆ ಕಟ್ಟಡವನ್ನು ತೋರಿಸಿ ಈ ಕಥೆಯನ್ನು ಹೇಳಿರಿ. ಹುಬ್ಬಳ್ಳಿಯ ಹೆಸರನ್ನೂ ಮರೆಯದೆ ಹೇಳಿರಿ.

ಮನನಕ್ಕೆ ಕೆಲವು ಪ್ರಶ್ನೆಗಳು

1. ಸತ್ತ ರೋಗಾಣುಗಳಿಂದ ಶರೀರಕ್ಕೆ ರಕ್ಷಣೆ ಹೇಗೆ ದೊರೆಯುತ್ತದೆ?

2. ಸೆರೆಮನೆಯ ಪರೀಕ್ಷೆಯಲ್ಲಿ ಸೂಜಿ ಹಾಕಿಸಿಕೊಳ್ಳದವರ ಲೆಕ್ಕವನ್ನೂ ಇಡುವುದು ಏಕೆ ಅವಶ್ಯವಾಗಿತ್ತು?

3. ಇಲಿ ಸತ್ತ ಮೇಲೆಯೇ ಮನುಷ್ಯರಿಗೆ ಪ್ಲೇಗು ಹೆಚ್ಚಾಗಲು ಕಾರಣವೇನು?

4. ಮುಲ್ಕೋವಾಲದ ವಿಚಾರಣಾ ಮಂಡಳಿಯಲ್ಲಿ ನೀವು ಕುಳಿತಿದ್ದರೆ ಸಾಕ್ಷಿಗಳಿಗೆ ಯಾವ ಯಾವ ಪ್ರಶ್ನೆಗಳನ್ನು ಕೇಳುತ್ತಿದ್ದಿರಿ?